ಮಂಡಿಗೆ ಹಚ್ಚೋ ಸ್ಪಿರಿಟ್ಟು

ನನಗೆ ಕೋಪ ಮೂಗಿನ ತುದೀಲೇ ಇರುತ್ತೆ ಅಂತ ನಮ್ಮ ಮನೇಲಿ ಎಲ್ಲರೂ ಹೇಳ್ತಾರೆ. ಹೇಳಿಕೊಳ್ಳಲಿ. ಆದರೆ ಕ್ಯಾಮೆರಾದ ಲೆನ್ಸ್ ಒರೆಸೋದಕ್ಕೆ ಕೂತಾಗ ಮಾತ್ರ ನನ್ನಷ್ಟು ತಾಳ್ಮೆ ಇರೋಳು ಇಡೀ ತಾಲೂಕಿನಲ್ಲಿ ಸಿಗೋದಿಲ್ಲ. ಅದು ಹುಟ್ಟುಗುಣ ಅಲ್ಲ. ತೊಂಬತ್ತರ ದಶಕದ ನಡುವಿನ ಒಂದು ಆಷಾಢದಲ್ಲಿ, ಐದು ದಿನ ನಿಂತಲ್ಲಿ ನಿಲ್ಲಲಾರದೆ, ಕೂತಲ್ಲಿ ಕೂರಲಾರದೆ ಒದ್ದಾಡಿ ಕಲಿತದ್ದು.

ಸಕಲೇಶಪುರದಲ್ಲಿ ನಮ್ಮಪ್ಪನದು ಒಂದು ಫೋಟೋ ಸ್ಟುಡಿಯೋ ಇತ್ತು. ಮುಂದೆ ಕೌಂಟರು, ಆಮೇಲೆ ನೀಲಿ ಪರದೆ ಕಟ್ಟಿ ನೆಲಕ್ಕೆ ಬಿಳೀ ಪೇಂಟಿನ ಗುರುತು ಹಾಕಿದ ಕೋಣೆ, ಅದರ ಹಿಂದೆ ಡಾರ್ಕ್ ರೂಮು, ಅದಕ್ಕೂ ಹಿಂದೆ ನಮ್ಮ ಮನೆ. ನನಗಾಗ ಇಪ್ಪತ್ತೆರಡು. ಡಿಗ್ರಿ ಮುಗಿಸಿ ಕೌಂಟರಿನಲ್ಲಿ ಕೂತಿದ್ದೆ. ಪಾಸ್‌ಪೋರ್ಟ್ ಸೈಜು ಕತ್ತರಿಸೋದು, ಕವರಿಗೆ ಹಾಕೋದು, ನೆಗೆಟಿವ್ ಮೇಲಿನ ಮೊಡವೆ ಕಲೆಗಳನ್ನ ಪೆನ್ಸಿಲ್ಲಿನಿಂದ ತಿದ್ದೋದು, ಬೀರುವಿನಲ್ಲಿರೋ ಕ್ಯಾಮೆರಾ ಲೆನ್ಸುಗಳಿಗೆ ಬೂಷ್ಟು ಹಿಡಿಯದ ಹಾಗೆ ನೋಡಿಕೊಳ್ಳೋದು, ಇಷ್ಟು ನನ್ನ ಕೆಲಸ. ಕ್ಯಾಮೆರಾಕ್ಕೆ ರೀಲು ಹಾಕಿಕೊಡೋ ಹಕ್ಕಿತ್ತು, ಕಣ್ಣಿಟ್ಟು ಕ್ಲಿಕ್ ಮಾಡೋ ಹಕ್ಕಿರಲಿಲ್ಲ. ನನಗೆ ಬೇಕಾಗಿದ್ದದ್ದು ಅದೊಂದೇ. ಕೇಳಿದಾಗಲೆಲ್ಲ ಅಪ್ಪ, "ಹೆಣ್ಮಗ ಮದ್ವೆ ಮನೇಲಿ ಕುರ್ಚಿ ಹತ್ಕಂಡು ಫೋಟೋ ತೆಗಿಯದ? ಆಡ್ಕತಾರೆ ಕಣೇ" ಅನ್ನೋರು. "ಕುರ್ಚಿ ಹತ್ತದೇ ತೆಗೀತೀನಿ ಬಿಡು" ಅಂತ ನಾನು. "ಬಾಯಿ ನೋಡು ಇದರದ್ದು" ಅಂತ ಅಲ್ಲಿಗೆ ಮುಗೀತಿತ್ತು.

ಆಷಾಢ ಬಂತು ಅಂದ್ರೆ ನಮ್ಮ ಸ್ಟುಡಿಯೋದಲ್ಲಿ ನೊಣ ಹೊಡೀಬೇಕು. ನಮ್ಮೋರ ಮದುವೆ ಒಂದೂ ಇರೋದಿಲ್ಲ. ಆ ವರ್ಷ ಮಾತ್ರ ಒಂದು ಬಂತು. ಹೆತ್ತೂರು ಕಡೆ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯೋ ರೈಟರ್ ಆಗಿದ್ದ ಕ್ರಿಶ್ಚಿಯನ್ನರ ಮನೆ ಮಗಳದು. ಹುಡುಗ ಗಲ್ಫ್‌ನಲ್ಲಿ ಕೆಲಸಕ್ಕಿದ್ದ, ಅವನಿಗೆ ರಜ ಸಿಕ್ಕಿದ್ದೇ ಜುಲೈನಲ್ಲಿ. ಮಳೆಯಾದರೇನು ಗಾಳಿಯಾದರೇನು, ಮದುವೆ ಆಗಲೇಬೇಕಿತ್ತು. ಸಕಲೇಶಪುರದ ಚರ್ಚಿನಲ್ಲಿ ಅಂತ ನಿಶ್ಚಯ ಆಯ್ತು. ಹುಡುಗಿ ನನಗಿಂತ ಎರಡು ಕ್ಲಾಸು ಹಿಂದೆ ಓದಿದವಳು, ಮುಖ ಪರಿಚಯ ಇತ್ತು.

ಒಂದು ಬೆಳಿಗ್ಗೆ ಅಪ್ಪ ಕಾಫಿ ಲೋಟ ಕೆಳಗಿಟ್ಟು, "ಮಂಡಿ ಹಿಡ್ಕಂಡೈತೆ. ಚರ್ಚಲ್ಲಿ ಎದ್ದು ಕೂತು ಮಾಡಕ್ಕಾಗಲ್ಲ ನಂಗೆ. ಈ ಮದ್ವೆ ನೀನೇ ತೆಗಿ" ಅಂದರು.

ಅವ್ವ ಒಲೆ ಮುಂದಿನಿಂದ ತಿರುಗಿ ನೋಡಿದಳು.

"ಆದ್ರೆ ಒಂದ್ ಮಾತು. ಕೆಡಿಸಿದ್ಯೋ, ಇನ್ಮೇಲೆ ಕ್ಯಾಮೆರಾ ತಂಟೆಗೆ ಬರಂಗಿಲ್ಲ. ಕವರಿಗೆ ಅಂಟು ಹಚ್ಕಂಡು ಕೌಂಟ್ರಲ್ಲಿ ಕೂರ್ಬೇಕು. ಇನ್ನೊಂದ್ಸಲ ಕೇಳ್ಬಾರ್ದು."

"ಆಯ್ತು" ಅಂದೆ. ಆಯ್ತು ಅನ್ನದೆ ಇನ್ನೇನು ಅನ್ನಲಿ! ಆ ದಿನ ಕೌಂಟರಿಗೆ ಬಂದವರೆಲ್ಲ ನನ್ನ ಮುಖ ನೋಡಿ, ಏನಮ್ಮ ಗಂಡು ಗೊತ್ತಾಯ್ತಾ ಅಂತ ಕೇಳಿದರು.

ಈಗ ನಮ್ಮ ಕಡೆ ಮಳೆಯ ವಿಷಯ. ಕವನ ಬರೆಯೋರಿಗೆ ಅದು ಚಂದ. ಲೆನ್ಸ್ ಇಟ್ಟುಕೊಂಡವರಿಗೆ ಅದು ಶನಿ. ಉಪ್ಪು ನೀರಾಗುತ್ತೆ, ಚಪ್ಪಲಿಗೆ ಗಡ್ಡ ಬರುತ್ತೆ, ಬೆಂಕಿಪೆಟ್ಟಿಗೆ ಒಲೆ ಪಕ್ಕ ಮಲಗಬೇಕು. ಕ್ಯಾಮೆರಾಗಳಿಗೆ ಅಂತ ನಮ್ಮ ಬೀರುವಿನೊಳಗೆ ನಲವತ್ತು ಕ್ಯಾಂಡಲಿನ ಒಂದು ಬಲ್ಬು ಸದಾ ಉರೀತಿತ್ತು. ಅದರ ಜೊತೆ ಬಟ್ಟೆ ಚೀಲದಲ್ಲಿ ಹುರಿದ ಅಕ್ಕಿ. ಅಕ್ಕಿ ತೇವ ಎಳೆದುಕೊಳ್ಳುತ್ತೆ, ವಾರಕ್ಕೊಮ್ಮೆ ಮತ್ತೆ ಹುರಿದು ಇಡಬೇಕು. ಆ ತಿಂಗಳು ಗಾಳಿಗೆ ಕಂಬ ಬಿದ್ದು ಆರು ದಿನ ಕರೆಂಟೇ ಇರಲಿಲ್ಲ. ಬಲ್ಬು ಆರಿತ್ತು. ಅಕ್ಕಿ ಹುರಿಯೋದನ್ನ ನಾನು ಮರೆತೆ. ಮರೆತೆ ಅನ್ನೋದು ಮರ್ಯಾದೆಯ ಮಾತು, ಸೋಮಾರಿತನ ಅಂತಲೇ ಇಟ್ಟುಕೊಳ್ಳಿ.

ಮದುವೆಗೆ ಎರಡು ದಿನ ಇದೆ ಅನ್ನುವಾಗ ಬೀರು ತೆಗೆದು ನೋಡ್ತೀನಿ, ಲೆನ್ಸಿನ ಮುಂದಿನ ಗಾಜಿನ ಮೇಲೆ ಜೇಡರ ಬಲೆ ಎಳೆದ ಹಾಗೆ ಬಿಳಿ ಎಳೆಗಳು. ಅದರ ಮುಂದೆ ಕಾಪಾಡೋದಕ್ಕೆ ಅಂತ ತಿರುಗಿಸಿ ಹಾಕಿದ್ದ ಫಿಲ್ಟರ್ ಗಾಜಿನ ಎರಡು ಕಡೆಗೂ ಅದೇ.

ಒರೆಸೋದು ಹೇಗೆ ಅಂತ ಅಪ್ಪ ನನಗೆ ಚಿಕ್ಕಂದಿನಲ್ಲೇ ಹೇಳಿಕೊಟ್ಟಿದ್ದರು. ಮೊದಲು ರಬ್ಬರಿನ ಬುರುಡೆ ಒತ್ತಿ ಗಾಳಿ ಊದಿ ಧೂಳು ಹಾರಿಸಬೇಕು. ಆಮೇಲೆ ಮೆತ್ತನೆ ಬ್ರಷ್ಷು. ಧೂಳು ಇದ್ದಾಗ ಬಟ್ಟೆ ಮುಟ್ಟಿಸಿದರೆ ಗಾಜಿಗೆ ಗೀರು ಬೀಳುತ್ತೆ. ಆಮೇಲೆ ಬಾಯಿಂದ ಹಬೆ ಬಿಟ್ಟು, ನೂರು ಸಲ ಒಗೆದು ಮೆತ್ತಗಾದ ಹಳೇ ಪಂಚೆ ತುಂಡಿನಲ್ಲಿ ನಡುವಿನಿಂದ ಶುರು ಮಾಡಿ ಸುತ್ತುತ್ತಾ ಅಂಚಿಗೆ ಬರಬೇಕು. "ಗಾಜಿನ ಮೇಲೆ ಕೋಪ ತೋರಿಸ್ಬ್ಯಾಡ" ಅಂತ ಯಾವಾಗಲೂ ಅನ್ನೋರು, ನನ್ನನ್ನ ನೋಡಿಕೊಂಡೇ. ಊದಿದೆ, ಹಬೆ ಬಿಟ್ಟೆ, ಒರೆಸಿದೆ. ಬೂಷ್ಟು ಜಗ್ಗಲಿಲ್ಲ. ಅಂಥದಕ್ಕೆ ಬೆಂಗಳೂರಿನಿಂದ ತಂದಿದ್ದ ಲೆನ್ಸ್ ಲಿಕ್ವಿಡ್ಡಿನ ಪುಟ್ಟ ಬಾಟಲಿ ಒಂದಿತ್ತು, ತೆಗೆದು ನೋಡಿದರೆ ಖಾಲಿ.

ಅಪ್ಪನಿಗೆ ಹೇಳಬಹುದಿತ್ತು. ಹೇಳಿದರೆ, ಬೀರು ನೋಡಿಕೊಳ್ಳಕ್ಕಾಗದೋಳು ಮದುವೆ ಏನು ತೆಗೀತೀಯ ಅಂತ ಕ್ಯಾಮೆರಾ ಕಿತ್ತುಕೊಂಡರೆ? ಬಾಯಿ ಮುಚ್ಚಿಕೊಂಡೆ.

ಮೊದಲು ಉಗುರಿನ ಬಣ್ಣ ತೆಗೆಯೋ ರಿಮೂವರ್ ನೆನಪಾಯ್ತು. ಪುಣ್ಯಕ್ಕೆ ಅದನ್ನ ಒಂದು ಹಳೇ ಫಿಲ್ಟರಿನ ಅಂಚಿಗೆ ಹಾಕಿ ನೋಡಿದೆ. ಪ್ಲಾಸ್ಟಿಕ್ ಉಂಗುರ ಬೆಳ್ಳಗಾಗಿ, ಬೆಲ್ಲದ ಪಾಕದ ಥರ ಕೈಗೆ ಅಂಟಿಕೊಳ್ತು. ಅಬ್ಬಾ ಬಚಾವಾದೆ, ಎಷ್ಟು ಬುದ್ಧಿವಂತೆ ನಾನು ಅಂದುಕೊಂಡೆ. ಆ ಬುದ್ಧಿಗಿಷ್ಟು ಬೆಂಕಿ ಹಾಕ! ಬಜಾರಿನಲ್ಲಿ ವಾಚ್ ರಿಪೇರಿಯವನು ಸ್ಪಿರಿಟ್ಟಿನಲ್ಲಿ ಗಾಜು ಒರೆಸೋದು ನೋಡಿದ್ದೆ. ಸ್ಪಿರಿಟ್ಟು ನಮ್ಮ ಮನೇಲೇ ಇತ್ತು. ಅವ್ವನ ಅಕ್ಕನ ಗಂಡ, ಅಂದರೆ ನಮ್ಮ ದೊಡ್ಡಪ್ಪ, ಯಸಳೂರು ಹತ್ತಿರ ಎಸ್ಟೇಟೊಂದರ ಆಸ್ಪತ್ರೆಯಲ್ಲಿ ಕಾಂಪೌಂಡರ್. ಅಪ್ಪನ ಮಂಡಿಗೆ ಹಚ್ಚಲಿ ಅಂತ ಅವರೇ ಒಂದು ದೊಡ್ಡ ಬಾಟಲಿ ಸರ್ಜಿಕಲ್ ಸ್ಪಿರಿಟ್ ಕೊಟ್ಟುಕಳಿಸಿದ್ದರು. ಎಸ್ಟೇಟ್ ಕಡೆ ನೆಂಟರಿರೋ ಮನೆಗಳಲ್ಲಿ ಅದೊಂದು ರೂಢಿ. ಕೂಲಿಯವರ ಲೈನಿನಲ್ಲಿ ಜ್ವರ ಬಂದವರಿಗೆ ಕೊಡೋ ಗುಳಿಗೆ, ಟಿಂಚರು, ಸ್ಪಿರಿಟ್ಟು, ಎಲ್ಲ ಒಂದಿಷ್ಟು ಪೇಟೆಗೂ ಇಳಿದುಬರುತ್ತೆ.

ಮಧ್ಯಾಹ್ನ ಅಪ್ಪ ಊಟ ಮಾಡಿ ಅಡ್ಡಾದಾಗ ಬಾಟಲಿ ತಗೊಂಡು ಡಾರ್ಕ್ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡೆ. ವಾಸನೆ ಆಚೆ ಬರಬಾರದಲ್ಲ. ಮಳೆಗಾಲದಲ್ಲಿ ಪ್ರಿಂಟು ಒಣಗಿಸೋದಕ್ಕೆ ಅಲ್ಲಿ ಇದ್ದಿಲು ಕೆಂಡದ ಅಗ್ಗಿಷ್ಟಿಕೆ ಇರ್ತಿತ್ತು. ಅದರ ಪಕ್ಕದಲ್ಲೇ ಕೂತು ಬಾಟಲಿ ಬಿಚ್ಚಿದೆ. ಐದು ನಿಮಿಷದಲ್ಲಿ ತಲೆ ಧಿಮ್ಮಂತು, ಕಣ್ಣು ಉರಿ. ಅಷ್ಟು ಹೊತ್ತಿಗೆ ಅವ್ವ ಕೆಂಡ ಹಾಕೋಕೆ ಅಂತ ಬಾಗಿಲು ತಳ್ಳಿದಳು.

"ಅಯ್ಯೋ ನಿನ್ ಮನೆ ಕಾಯ್ವಾಗ! ಬೆಂಕಿ ಪಕ್ಕ ಸ್ಪಿರಿಟ್ಟು ಬಿಚ್ಕಂಡು ಕೂತಿದೀಯಲ್ಲೇ, ಮುಖ ಸುಟ್ಕಂಡ್ರೆ ಯಾರಿಗೇ ಹೇಳ್ಲಿ ನಾನು?"

ಬರೀ ಸೆರಗಿನಲ್ಲಿ ಹಿಡಿದು ಅಗ್ಗಿಷ್ಟಿಕೆಯನ್ನ ದರದರ ಆಚೆ ಎಳೆದಳು. ನಾನು ಅವಳ ಕೈ ಹಿಡಿದು, ಅಪ್ಪನಿಗೆ ಹೇಳಬೇಡ ಅಂತ ಗೋಗರೆದೆ. ಹೇಳಲಿಲ್ಲ ಪಾಪ. ಆದರೆ ಇವತ್ತಿಗೂ ನಾನು ಸ್ಪಿರಿಟ್ ಬಾಟಲಿ ತೆಗೆದರೆ ಒಲೆ ಆರಿದೆಯಾ ಅಂತ ಕೂಗ್ತಾಳೆ.

ಹತ್ತಿಗೆ ಸ್ಪಿರಿಟ್ಟು ಅದ್ದಿ ಅದ್ದಿ ಲೆನ್ಸು, ಫಿಲ್ಟರು ಎರಡನ್ನೂ ತಿಕ್ಕಿದೆ. ಬೂಷ್ಟು ಹೋಯ್ತು. ವೋಲ್ಟೇಜಿಲ್ಲದೆ ಮಿಣಿಮಿಣಿ ಅನ್ನೋ ಟ್ಯೂಬ್‌ಲೈಟಿನಲ್ಲಿ ನೋಡಿದರೆ ಗಾಜು ಫಳಫಳ. ಗೆದ್ದೆ ಅಂದುಕೊಂಡೆ.

ಮದುವೆ ದಿನ ಬೆಳಿಗ್ಗೆ ಅಪ್ಪ ಕ್ಯಾಮೆರಾ ತರಿಸಿಕೊಂಡು, ಮುಚ್ಚಳ ತೆಗೆದು, ಲೆನ್ಸನ್ನ ಕಿಟಕಿಗೆ ಹಿಡಿದು ಆ ಕಡೆ ಈ ಕಡೆ ಓರೆ ಮಾಡಿ ನೋಡಿದರು. ಅದು ಅವರ ಅಭ್ಯಾಸ. ನೋಡದೆ ಯಾವ ಕ್ಯಾಮೆರಾನೂ ಆಚೆ ಹೋಗ್ತಿರಲಿಲ್ಲ.

"ಹ್ಞೂ, ಸರಿಯಾಗೈತೆ. ಹೋಗು" ಅಂದರು.

ಚರ್ಚಿನಲ್ಲಿ ಆ ದಿನ ನಾನು ನಾನಾಗಿರಲಿಲ್ಲ ಅನ್ನಬೇಕು, ಅಥವಾ ಅವತ್ತೇ ನಾನಾಗಿದ್ದೆ. ಹೊರಗೆ ಧೋ ಅಂತ ಮಳೆ. ಹುಡುಗಿಯ ಬಿಳೀ ಗೌನು ನೆಲಕ್ಕೆ ತಾಗದ ಹಾಗೆ ಮೂವರು ಹಿಡಿದುಕೊಂಡಿದ್ದರು, ಅವಳ ತಾಯಿ ತಾನು ನೆಂದರೂ ಕೊಡೆಯನ್ನ ಮಗಳ ತಲೆ ಮೇಲೇ ಹಿಡಿದಿದ್ದರು. ಒಳಗೆ ಮೇಣದ ಬತ್ತಿ, ಧೂಪ, ಒದ್ದೆ ಬಟ್ಟೆ, ಮಲ್ಲಿಗೆ. ನಾನು "ಸ್ವಲ್ಪ ಸರೀರಿ" ಅಂದರೆ ಸೂಟು ಹಾಕಿದ ದೊಡ್ಡ ದೊಡ್ಡ ಗಂಡಸರು ಸರೀತಿದ್ದರು. "ಈ ಕಡೆ ನೋಡ್ರಿ" ಅಂದರೆ ನೋಡ್ತಿದ್ದರು. ಕಣ್ಣಿಟ್ಟ ಕಿಂಡಿ ಮಬ್ಬು ಮಬ್ಬಾಗಿ ಕಾಣ್ತಿತ್ತು. ಇಷ್ಟು ಜನರ ಉಸಿರು, ಮಳೆಯ ತೇವ, ಹಬೆ ಕೂತಿರಬೇಕು ಅಂತ ಪಂಚೆ ತುಂಡಿನಲ್ಲಿ ಒರೆಸಿಕೊಂಡು ಮುಂದುವರಿಸಿದೆ. ಮೂವತ್ತಾರರ ಮೂರು ರೀಲು ಮುಗಿಸಿದೆ. ಹುಡುಗಿಯ ತಾಯಿ ನನ್ನ ಕೈಗೆ ಕೇಕಿನ ತಟ್ಟೆ ಕೊಟ್ಟು, "ನೀನು ತೆಗೀತೀಯ ಅಂತ ನಮ್ಮ ಹುಡುಗಿಗೆ ಧೈರ್ಯ ಬಂತು ನೋಡು. ಗಂಡಸರು ತೆಗೆದಿದ್ರೆ ತಲೆ ಎತ್ತುತ್ತಿರಲಿಲ್ಲ ಅವಳು" ಅಂದರು. ಮನೆಗೆ ಬರೋವಾಗ ಮಳೆಯಲ್ಲಿ ಹಾಡು ಹೇಳಿಕೊಂಡು ಬಂದೆ.

ಆಗ ಕಲರ್ ರೀಲನ್ನ ಹಾಸನದ ಲ್ಯಾಬಿಗೆ ಬಸ್ಸಿನಲ್ಲಿ ಕಳಿಸಬೇಕಿತ್ತು. ಮಾರನೇ ದಿನ ಮೊದಲ ಬಸ್ಸಿನ ಕಂಡಕ್ಟರ್ ಕೈಗೆ ಮೂರೂ ರೀಲು ಕೊಟ್ಟು ಬಂದು, ಕ್ಯಾಮೆರಾ ಒರೆಸಿ ಇಡೋಣ ಅಂತ ಕಿಟಕಿ ಪಕ್ಕ ಕೂತೆ. ಆ ಬೆಳಿಗ್ಗೆ ಒಂದು ಗಳಿಗೆ ಮಳೆ ನಿಂತು ಬೆಳಕು ಓರೆಯಾಗಿ ಬಿದ್ದಿತ್ತು.

ಲೆನ್ಸಿನ ಮೇಲೆ ಎಣ್ಣೆ. ಲಾರಿ ನಿಂತು ಹೋದ ಜಾಗದ ನೀರಿನ ಮೇಲೆ ಬಣ್ಣ ಬಣ್ಣವಾಗಿ ಕಾಣುತ್ತಲ್ಲ, ಹಾಗೆ. ಸುತ್ತು ಸುತ್ತಾಗಿ, ನನ್ನ ಬೆರಳು ಹೇಗೆ ಹೇಗೆ ತಿರುಗಿತ್ತೋ ಹಾಗೇ. ಫಿಲ್ಟರ್ ಬಿಚ್ಚಿ ನೋಡಿದರೆ ಅದಕ್ಕೂ ಎರಡೂ ಕಡೆ. ಪಂಚೆ ತುಂಡಿನಲ್ಲಿ ಒರೆಸಿದರೆ ಹೋಗೋದಿಲ್ಲ, ಜಾಗ ಬದಲಾಯಿಸುತ್ತೆ ಅಷ್ಟೆ.

ಚಪ್ಪಲಿ ಮೆಟ್ಟಿಕೊಂಡು ಬಸ್ ಸ್ಟ್ಯಾಂಡಿಗೆ ಓಡಿದೆ, ಯಾಕೆ ಓಡಿದೆ ಅಂತ ಗೊತ್ತಿಲ್ಲ. ರೀಲು ವಾಪಸ್ ತಗೊಂಡು ಏನು ಮಾಡ್ತಿದ್ದೆ? ಬಸ್ಸು ಹೋಗಿಬಿಟ್ಟಿತ್ತು.

ಅಲ್ಲಿಂದ ಶುರುವಾಯ್ತು ನನ್ನ ಗ್ರಹಚಾರ. ಎರಡು ದಿನಕ್ಕೆ ಬರಬೇಕಾದ ಪ್ರಿಂಟು ಬರಲಿಲ್ಲ. ಆಲೂರು ಹತ್ತಿರ ರಸ್ತೆಗೆ ಮರ ಬಿದ್ದಿದೆ ಅಂದರು, ಆಮೇಲೆ ಲ್ಯಾಬಿನಲ್ಲಿ ಕರೆಂಟಿಲ್ಲ ಅಂದರು. ದಿನಕ್ಕೆ ಐದಾರು ಸಲ ಬಸ್ ಸ್ಟ್ಯಾಂಡಿಗೆ ಹೋದೆ. "ಏನಮ್ಮ, ಪಾರ್ಸಲ್‌ಗೆ ಕಾಯ್ತಿದೀಯೋ ಡ್ರೈವರ್‌ಗೆ ಕಾಯ್ತಿದೀಯೋ?" ಅಂತ ಒಬ್ಬ ಕಂಡಕ್ಟರ್ ಚುಡಾಯಿಸಿದ. ನಿನ್ನ ತಲೆ ಕಾಯ್ತಿದೀನಿ ಅಂದುಬಿಟ್ಟೆ. ಮನೇಲಿ ಅನ್ನ ಸೇರಲಿಲ್ಲ. ಪಾಸ್‌ಪೋರ್ಟ್ ಫೋಟೋ ಕತ್ತರಿಸೋವಾಗ ಒಬ್ಬ ಮೇಷ್ಟರ ಕಿವಿ ಕತ್ತರಿಸಿದೆ. ದಿನಾ ಸಂಜೆ ಹುಡುಗಿಯ ತಾಯಿಯ ಫೋನು, "ಬಂತಾ ಮಗಾ?" ಅಂತ. ಇನ್ನೂ ಇಲ್ಲ ಆಂಟಿ ಅನ್ನುವಾಗ ನಾಲಿಗೆ ಒಣಗ್ತಿತ್ತು.

ತಲೆಯೊಳಗೆ ಮಾತ್ರ ಒಂದೇ ಲೆಕ್ಕಾಚಾರ. ಎಣ್ಣೆ ಯಾವಾಗ ಬಂತು? ಮದುವೆಗೆ ಹೋಗೋ ಮುಂಚೆ ಅಪ್ಪ ನೋಡಿ ಸರಿಯಾಗಿದೆ ಅಂದಿದ್ದರಲ್ಲ. ಹಾಗಾದರೆ ಅದು ಮದುವೇಲೇ ಮೆತ್ತಿಕೊಂಡದ್ದು, ಕೇಕ್ ತಿಂದ ಕೈ ತಾಗಿರಬೇಕು. ಕೇಕ್ ತಿಂದದ್ದು ಕಡೆಗೆ. ಅಂದರೆ ಚರ್ಚಿನ ಫೋಟೋಗಳಿಗೆ ಏನೂ ಆಗಿಲ್ಲ. ಆದರೆ ಚರ್ಚಿನಲ್ಲೇ ಮಬ್ಬು ಕಂಡಿತ್ತಲ್ಲ? ಅದು ಹಬೆ. ಹಬೆನಾ? ಹೀಗೆ ಹತ್ತು ಸಲ, ನೂರು ಸಲ. ತಲೆ ಕೆಟ್ಟು ಗೊಬ್ಬರ ಆಯ್ತು.

ಮೂರನೇ ದಿನ ತಡೆಯೋಕಾಗದೆ ಯಸಳೂರು ಬಸ್ ಹತ್ತಿದೆ. ಅವ್ವನಿಗೆ ದೊಡ್ಡವ್ವನನ್ನ ನೋಡ್ಕೊಂಡು ಬರ್ತೀನಿ ಅಂದೆ. ಸ್ಪಿರಿಟ್ಟಿನ ಬಾಟಲಿಯಿಂದ ಒಂದಿಷ್ಟನ್ನ ಸಣ್ಣ ಸೀಸೆಗೆ ಬಗ್ಗಿಸಿಕೊಂಡಿದ್ದೆ.

ದೊಡ್ಡಪ್ಪ ಆಸ್ಪತ್ರೆ ಮೆಟ್ಟಿಲ ಮೇಲೆ ಕೂತು ಬೀಡಿ ಸೇದ್ತಿದ್ದರು. ನಾನು ಸೀಸೆ ತೆಗೆದದ್ದೇ ಬೀಡಿಯನ್ನ ಹೊಸಕಿ ಹಾಕಿ, ಮೂಸಿ, ಕಥೆ ಕೇಳಿ, ಹೊಟ್ಟೆ ಹಿಡಿದುಕೊಂಡು ನಕ್ಕರು.

"ಇದು ಮೈಗೆ ಹಚ್ಚದು ಕಣವ್ವಾ, ಗಾಜಿಗಲ್ಲ. ಮೂಸಿ ನೋಡು, ನೋವಿನ ಮುಲಾಮಿನ ವಾಸನೆ ಬರಕಿಲ್ವಾ? ಇದ್ರಲ್ಲಿ ಹರಳೆಣ್ಣೆ ಸೇರ್ಸಿರ್ತಾರೆ, ಚರ್ಮ ಒಡೀಬಾರ್ದು ಅಂತ. ಸ್ಪಿರಿಟ್ಟು ಹಾರ್ಹೋಯ್ತದೆ, ಎಣ್ಣೆ ಅಲ್ಲೇ ಉಳ್ಕತದೆ."

ಒಳಗೆ ಕರೆದುಕೊಂಡು ಹೋಗಿ, ಜ್ವರದವರ ರಕ್ತ ನೋಡೋ ಮೈಕ್ರೋಸ್ಕೋಪಿನ ಗಾಜಿನ ಪಟ್ಟಿ ಮೇಲೆ ಎರಡು ಹನಿ ಹಾಕಿದರು. ಒಂದು ನನ್ನ ಸೀಸೆಯದು, ಇನ್ನೊಂದು ಅವರ ಕಪಾಟಿನ ಐಸೊಪ್ರೊಪೈಲ್ ಆಲ್ಕೊಹಾಲಿನದು. ಅವರ ಹನಿ ನೋಡ್ತಾ ನೋಡ್ತಾ ಮಾಯವಾಯ್ತು, ಗಾಜು ಹಾಗೇ ಇತ್ತು. ನನ್ನದು ಆರಿದ ಮೇಲೆ ಜಿಡ್ಡಿನ ಒಂದು ಉಂಗುರ ಉಳೀತು.

"ಮೈಕ್ರೋಸ್ಕೋಪು ಒರೆಸಕ್ಕೆ ನಾನು ಮಡಿಕ್ಕಂಡಿರದು ಇದು. ತಗಂಡೋಗು. ಗಾಜಿನ ಮ್ಯಾಲೆ ಸುರೀಬ್ಯಾಡ, ಅಂಚಿನಿಂದ ಒಳಕ್ಕೆ ಇಳೀತದೆ. ಬಟ್ಟೆಗೆ ಒಂದ್ ಹನಿ ಸಾಕು. ಕಿಟಕಿ ತೆಕ್ಕಂಡು ಕೂತ್ಕೊ. ಬೆಂಕಿ ಪಕ್ಕ ಕೂತಿದ್ದೆ ಅಂತ ಇನ್ನೊಂದ್ ದಿನ ಗೊತ್ತಾದ್ರೆ ಬೆನ್ನು ಮುರೀತೀನಿ."

ಇವತ್ತಿಗೂ ನಾನು ಒರೆಸೋದು ಹಾಗೇನೇ. ಗಾಳಿ, ಬ್ರಷ್ಷು, ಹಬೆ. ಹಬೆಗೇ ಹೋಗೋ ಕೊಳೆಗೆ ಔಷಧ ಮುಟ್ಟಿಸೋದಿಲ್ಲ. ಹೋಗದಿದ್ದರೆ ಮಾತ್ರ ಒಂದು ಹನಿ, ಬಟ್ಟೆಗೆ. ಬಟ್ಟೆಯ ಒಂದು ಮಗ್ಗುಲಿನಲ್ಲಿ ಒಂದೇ ಸಲ ಒರೆಸಬೇಕು, ಅದೇ ಮಗ್ಗುಲನ್ನ ಮತ್ತೆ ಮುಟ್ಟಿಸಿದರೆ ತೆಗೆದ ಕೊಳೆಯನ್ನೇ ವಾಪಸ್ ಬಳಿದಂಗೆ. ಮುಗಿದ ಮೇಲೆ ಲೆನ್ಸನ್ನ ಕಿಟಕಿಗೆ ಹಿಡಿದು ಓರೆ ಮಾಡಿ ನೋಡಬೇಕು. ನೇರ ನೋಡಿದರೆ ಎಲ್ಲ ಗಾಜೂ ಒಳ್ಳೇದೇ. ಯಾರಾದರೂ ನನ್ನ ಮುಂದೆ ಅಂಗಿ ಚುಂಗಿನಲ್ಲಿ ಲೆನ್ಸ್ ಒರೆಸಿದರೆ ನಾನು ಬೈತೀನಿ, ಅವರು ಯಾರೇ ಆಗಿರಲಿ.

ವಾಪಸ್ ಬರೋ ಬಸ್ಸಿನಲ್ಲಿ ಕಿಟಕಿ ಸೋರ್ತಿತ್ತು, ಮಡಿಲಲ್ಲಿ ದೊಡ್ಡಪ್ಪನ ಬಾಟಲಿ. ಅರ್ಧ ದಾರಿಯಲ್ಲಿ ನನಗೆ ಆ ವಿಷಯ ಹೊಳೆದದ್ದು. ಎಣ್ಣೆ ಮದುವೇಲಿ ಬಂದದ್ದಲ್ಲ. ಅದಕ್ಕೆ ಮುಂಚೆಯೇ ಇತ್ತು. ಅಪ್ಪ ಕಿಟಕಿಗೆ ಹಿಡಿದು ನೋಡಿದಾಗ ಇತ್ತು. ಒಂದು ಮಾರು ದೂರದಿಂದ ಬೆರಳಚ್ಚು ಕಂಡುಹಿಡಿದು ನನ್ನ ಕಿವಿ ಹಿಂಡಿದ ಮನುಷ್ಯ! ಇಷ್ಟು ಎಣ್ಣೆ ಅವರಿಗೆ ಕಾಣಲಿಲ್ಲ ಅಂದರೆ ಯಾರು ನಂಬ್ತಾರೆ?

ಕಂಡಿದೆ. ಕಂಡೂ ಸರಿಯಾಗಿದೆ ಅಂತ ಕಳಿಸಿದ್ದಾರೆ. ಕೆಡಿಸಿಕೊಂಡು ಬರಲಿ, ಇದರ ಹುಚ್ಚು ಬಿಡಲಿ ಅಂತ. ಕವರಿಗೆ ಅಂಟು ಹಚ್ಚಿಕೊಂಡು ಕೂರಲಿ ಅಂತ.

ಹೀಗೆ ಯೋಚನೆ ಬಂದದ್ದೇ ಮೈಯೆಲ್ಲ ಉರಿದುಹೋಯ್ತು. ಇನ್ನೊಬ್ಬರ ಮನೆಯ ಮದುವೆ, ಆ ಹುಡುಗಿಯ ಮುಖ, ಕೊಡೆ ಹಿಡಿದ ಆ ತಾಯಿ! ನನ್ನ ಮೇಲಿನ ಹಟಕ್ಕೆ ಅವರನ್ನೂ ಬಲಿ ಕೊಟ್ಟರಲ್ಲ! ಮನೆಗೆ ಬಂದರೆ ಅಪ್ಪ ಪಂಚೆ ಮೇಲೆತ್ತಿಕೊಂಡು ಅದೇ ಸ್ಪಿರಿಟ್ಟನ್ನ ಮಂಡಿಗೆ ನೀವಿಕೊಳ್ತಾ ಕೂತಿದ್ದರು. "ಯಾಕೆ ಮುಖ ಊದಿಸ್ಕಂಡಿದೀಯ?" ಅಂದರು. ಕಿಟಕಿ ತೆಗೆದು, ದೊಡ್ಡಪ್ಪ ಹೇಳಿದ ಹಾಗೆ ಒಂದೊಂದೇ ಹನಿಯಲ್ಲಿ ಲೆನ್ಸ್ ಒರೆಸಿದೆ. ಕನ್ನಡಿಯಂತಾಯ್ತು. ಈಗ ಆಗಿ ಏನು ಬಂತು! ಎರಡು ದಿನ ಅಪ್ಪನ ಜೊತೆ ಮಾತೇ ಆಡಲಿಲ್ಲ.

ಐದನೇ ದಿನ ಸಂಜೆ ನಾಲ್ಕರ ಬಸ್ಸಿಗೆ ಪಾರ್ಸಲ್ ಬಂತು. ಮನೆವರೆಗೆ ತಡೆಯೋಕಾಗದೆ ಬಸ್ ಸ್ಟ್ಯಾಂಡಿನಲ್ಲೇ ಲಕೋಟೆ ಹರಿದೆ.

ಎಲ್ಲ ಮಂಜು. ಒಂದೊಂದು ಮೇಣದ ಬತ್ತಿಗೂ ಹತ್ತಿಯ ಉಂಡೆ ಕಟ್ಟಿದ ಹಾಗೆ ಬೆಳಕು. ಬಿಳೀ ಗೌನು ಬಿಳೀ ಗೋಡೆಯೊಳಗೆ ಕರಗಿಹೋಗಿತ್ತು. ಮುಖಗಳು ಅನ್ನದ ಗಂಜಿಯ ಹಬೆಯ ಆಚೆ ಇದ್ದಂತಿದ್ದವು. ಮೊದಲನೇದು ಹಾಗೆ, ಹತ್ತನೇದು ಹಾಗೆ, ನೂರನೇದೂ ಹಾಗೇ. ಪಕ್ಕದಲ್ಲಿ ಕೂತಿದ್ದ ಹೆಂಗಸೊಬ್ಬಳು, ಯಾಕವ್ವ ಅಳ್ತಿದೀಯ ಅಂತ ಕೇಳಿದಾಗಲೇ ನಾನು ಅಳ್ತಿದೀನಿ ಅಂತ ನನಗೆ ಗೊತ್ತಾದದ್ದು.

ಮನೆವರೆಗೆ ಹೇಗೆ ನಡೆದೆನೋ. ಅಪ್ಪ ಕೌಂಟರಿನಲ್ಲಿದ್ದರು. ಲಕೋಟೆಯನ್ನ ಅವರ ಮುಂದೆ ಎಸೆದೆ.

"ಬಂತಾ? ಕೊಡು ಕೊಡು" ಅಂತ ತೆಗೆದರು. ಬಾಗಿಲ ಬೆಳಕಿಗೆ ತಿರುಗಿ, ಒಂದೊಂದೇ ಫೋಟೋವನ್ನ ಹತ್ತಿರ ತಂದು, ದೂರ ಹಿಡಿದು, ನಿಧಾನಕ್ಕೆ ನೋಡಿದರು. ನಾನು ಹಲ್ಲು ಕಚ್ಚಿ ನಿಂತಿದ್ದೆ. ಹದಿನೈದು ಇಪ್ಪತ್ತು ನೋಡಿದ ಮೇಲೆ ಅವರ ಮುಖ ಅರಳಿತು.

"ಭೇಷ್ ಕಣೇ! ಫಸ್ಟ್ ಕ್ಲಾಸಾಗ್ ಬಂದವೆ. ಒಂದಾದ್ರೂ ಕೆಟ್ಟೈತಾ ನೋಡು. ನಾನ್ ತೆಗೆದಿದ್ರೂ ಇಷ್ಟೇ."

"ಅಣಕಿಸ್ಬೇಡ ಅಪ್ಪಾ!" ಅಂತ ಕಿರುಚಿದೆ. ಅವ್ವ ಒಳಗಿನಿಂದ ಓಡಿಬಂದಳು. ನನಗೆ ಬಾಯಿ ನಿಲ್ಲಲಿಲ್ಲ. "ಲೆನ್ಸಿಗೆ ಎಣ್ಣೆ ಮೆತ್ತಿದ್ದು ನಿಂಗೆ ಗೊತ್ತಿತ್ತು. ನಿನ್ ಮಂಡಿ ಸ್ಪಿರಿಟ್ಟಲ್ಲಿ ಒರೆಸಿ ನಾನೇ ಕೆಡಿಸಿದ್ದು, ಹೌದು, ತಪ್ಪು ನಂದೇ. ಆದ್ರೆ ಕಿಟಕಿಗೆ ಹಿಡ್ದು ನೋಡಿ ಸರಿಯಾಗೈತೆ ಅಂತ ಕಳಿಸ್ದೋನು ನೀನು! ನಾನು ಹಾಳಾಗ್ಲಿ ಅಂತಾನೇ ಕಳಿಸ್ದೆ. ಈಗ ಎಲ್ಲಾ ಮಂಜು ಹಿಡ್ದು ಕೂತವೆ, ನೀನು ಭೇಷ್ ಅಂತ ನಗಾಡ್ತೀಯ!"

ಅಪ್ಪ ನನ್ನ ಕಡೆ ನೋಡಲಿಲ್ಲ. ಕೈಯಲ್ಲಿದ್ದ ಫೋಟೋವನ್ನ ಮತ್ತೆ ಬೆಳಕಿಗೆ ಹಿಡಿದರು, ಹತ್ತಿರ ತಂದರು, ದೂರ ಹಿಡಿದರು. ಆಮೇಲೆ ಕೇಳಿದರು, ಬಹಳ ಮೆಲ್ಲಗೆ.

"ಮಂಜಾಗವಾ?"

ಕೂಗಾಡೋದು ಬಿಟ್ಟು ಅವರ ಮುಖ ನೋಡಿದೆ.

"ಎಲ್ಲಾನೂವಾ?"

"ಎಲ್ಲಾನೂ" ಅಂದೆ.

ಫೋಟೋ ಕೆಳಗಿಟ್ಟು, ಕೌಂಟರಿನ ಮೇಲೆ ಎರಡೂ ಕೈ ಊರಿಕೊಂಡರು. "ನಂಗೆ ಎಲ್ಲಾ ಹಿಂಗೇ ಕಾಣದು ಮಗಾ. ಎರಡು ವರ್ಷ ಆಯ್ತು. ನಿನ್ ಮುಖಾನೂ ಹಿಂಗೇ ಐತೆ. ಅದಕ್ಕೇ ಇವೂ ಸರಿಯಾಗವೆ ಅಂದ್ಕಂಡೆ."

ಅವ್ವ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಅವಳಿಗೂ ಗೊತ್ತಿರಲಿಲ್ಲ.

ಆಮೇಲೆ ಒಂದೊಂದಾಗಿ ಹೇಳಿದರು. ಸ್ಟುಡಿಯೋ ನೆಲಕ್ಕೆ ಬಿಳೀ ಪೇಂಟಿನಲ್ಲಿ ಗುರುತು ಹಾಕಿಸಿದ್ದು ಅದಕ್ಕೇ. ಕುರ್ಚಿ ಇಷ್ಟು ದೂರ, ಕ್ಯಾಮೆರಾ ಇಷ್ಟು ದೂರ, ಕಣ್ಣಿಡೋದೇ ಬೇಡ. ಮದುವೆ ಮನೇಲಿ ಹೆಜ್ಜೆ ಎಣಿಸಿಕೊಂಡು ಹೋಗಿ ಲೆನ್ಸಿನ ಮೇಲಿನ ಅಂಕಿ ತಿರುಗಿಸಿ ತೆಗೀತಿದ್ದರಂತೆ. ಆ ಅಂಕಿಗಳನ್ನ ಬೆರಳಿಗೇ ಕಲಿಸಿಕೊಂಡಿದ್ದರು. ನೆಗೆಟಿವ್ ತಿದ್ದೋ ಕೆಲಸ ನನಗೆ ಬಿಟ್ಟದ್ದೂ ಅದಕ್ಕೇ, ನಾನು ನನ್ನ ಕೈ ಪಳಗಿದೆ ಅಂತ ಬೀಗಿದ್ದೆ. ಕಣ್ಣಿನ ಡಾಕ್ಟರ ಹತ್ತಿರ ಹೋದರೆ ಊರಿಗೆಲ್ಲ ಗೊತ್ತಾಗುತ್ತೆ, ಕಣ್ಣು ಕಾಣದೋನ ಸ್ಟುಡಿಯೋಕ್ಕೆ ಯಾರು ಬರ್ತಾರೆ ಅಂತ ಸುಮ್ಮನಿದ್ದರು.

"ಮಂಡಿ ನೋವು ಸುಳ್ಳಲ್ಲ. ಆದ್ರೆ ಚರ್ಚಿನ ಕತ್ತಲಲ್ಲಿ ನಂಗೆ ಮುಖ ಯಾವುದು ಹೂವ ಯಾವುದು ತಿಳಿಯಕಿಲ್ಲ. ಅದಕ್ಕೇ ನಿನ್ನ ಕಳಿಸ್ದೆ. ಲೆನ್ಸ್ ಕಿಟಕಿಗೆ ಹಿಡ್ದಿದ್ದು ಅಭ್ಯಾಸ ಅಷ್ಟೆ. ನೋಡ್ದಂಗ್ ಮಾಡ್ದೆ."

ಎರಡು ದಿನದ ಕೋಪ ಇಡೋಕೆ ಜಾಗ ಇಲ್ಲದೆ ಹೋಯ್ತು. ಬಸ್ಸಿನಲ್ಲಿ ಅಪ್ಪನ ಬಗ್ಗೆ ಏನೇನು ಅಂದುಕೊಂಡಿದ್ದೆನೋ ಅದೆಲ್ಲ ನೆನಪಾಗಿ ನಾಚಿಕೆಯಿಂದ ಮುಖ ಎತ್ತಲಾರದೆ ನಿಂತೆ.

"ನಾಳೆ ಇಬ್ರೂ ಅವರ ಮನೆಗೆ ಹೋಗಣ" ಅಂದರು ಅಪ್ಪ. "ತಪ್ಪಾಗೈತೆ ಅಂತ ಕೈ ಮುಗಿಯಣ. ಹುಡುಗ ದುಬೈಗೆ ಹೋಗಾ ಮುಂಚೆ ಇಬ್ರನ್ನೂ ಮತ್ತೆ ಚರ್ಚ್ ಮುಂದೆ ನಿಲ್ಲಿಸಿ ತೆಗಿ. ಈ ಸಲ ಲೆನ್ಸ್ ನೀನೇ ನೋಡ್ಕಬೇಕು. ನನ್ನ ಕೇಳ್ಬ್ಯಾಡ."

ಬೀರುವಿನಿಂದ ಕ್ಯಾಮೆರಾ ತೆಗೆದು ನನ್ನ ಕಡೆ ಸರಿಸಿದರು. ನಾನು ಬೇಕು ಬೇಕು ಅಂತ ಹಟ ಹಿಡಿದಿದ್ದ ವಸ್ತು. ಮುಟ್ಟೋಕೆ ಕೈ ಬರಲಿಲ್ಲ.

ಅಪ್ಪ ಆ ಫೋಟೋಗಳ ಕಟ್ಟನ್ನ ಸವರಿ, ಮೇಲಿನದನ್ನ ಎತ್ತಿಕೊಂಡರು.

"ಒಂದ್ ಮಾತು ಹೇಳು. ಹುಡುಗಿ ನಗ್ತಾ ಅವ್ಳಾ ಇದ್ರಲ್ಲಿ?"

ನಾನು ಕೌಂಟರಿನ ಆ ಕಡೆಗೆ ಹೋಗಿ ಅವರ ಪಕ್ಕ ನಿಂತು ನೋಡಿದೆ. "ಹ್ಞೂ ಅಪ್ಪ, ನಗ್ತಾ ಅವ್ಳೆ. ಅವರಮ್ಮ ಪಕ್ಕದಲ್ಲಿ ಅಳ್ತಾ ಅವ್ರೆ."

"ಹುಡುಗ?"

"ಅವನಿಗೆ ಟೈ ಬಿಗಿಯಾಗೈತೆ."

ಅಪ್ಪ ನಕ್ಕರು. ಅದನ್ನ ಕೆಳಗಿಟ್ಟು ಇನ್ನೊಂದು ಎತ್ತಿ ನನ್ನ ಮುಂದೆ ಹಿಡಿದರು. ಅವ್ವ ಸ್ಟೂಲು ತಂದು ಹಾಕಿದಳು. ನೂರೆಂಟು ಫೋಟೋ ಇದ್ದವು, ಒಂದನ್ನೂ ಬಿಡದೆ ಅವರಿಗೆ ಹೇಳಿದೆ.